ಅಂಗವಿಕಲ ಪ್ರಮಾಣಪತ್ರಕ್ಕೆ ವೈದ್ಯಕೀಯ ದಾಖಲೆ: ಬೋರ್ಡಿನ ಮುಂದೆ ಯಾವ ಕಾಗದ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲ ಪ್ರಮಾಣಪತ್ರದ ದಿನ ಸಾಲಿನಲ್ಲಿ ನಿಂತವರ ಕೈಯಲ್ಲಿ ದಪ್ಪ ದಪ್ಪ ಕವರುಗಳಿರುತ್ತವೆ. ಒಳಗೆ ಐದಾರು ವರ್ಷದ ಔಷಧಿ ಬಿಲ್ಲು, ರಕ್ತ ಪರೀಕ್ಷೆ, ಸ್ಕ್ಯಾನ್, ಊರಿನ ಡಾಕ್ಟರು ಬರೆದುಕೊಟ್ಟ ಶಿಫಾರಸು ಪತ್ರ ಎಲ್ಲ ಇರುತ್ತದೆ. ವೈದ್ಯರು ಎರಡು ನಿಮಿಷ ತಿರುವಿ ಹಾಕಿ, ‘ಆಡಿಯೋಗ್ರಾಮ್ ಎಲ್ಲಿ?’ ಎಂದೋ ‘ಫೀಲ್ಡ್ ಟೆಸ್ಟ್ ಮಾಡಿಸಿಲ್ಲವಾ?’ ಎಂದೋ ಕೇಳುತ್ತಾರೆ. ಅದೊಂದು ಕಾಗದ ಮಾತ್ರ ಇರುವುದಿಲ್ಲ. ಮತ್ತೆ ಮುಂದಿನ ವಾರ.

ಕಾಯಿಲೆ ಎಷ್ಟು ದೊಡ್ಡದು, ಎಷ್ಟು ಖರ್ಚಾಯಿತು ಎಂಬುದನ್ನು ಬೋರ್ಡು, ಅಂದರೆ ಪ್ರಮಾಣಪತ್ರಕ್ಕಾಗಿ ಪರೀಕ್ಷಿಸುವ ಸರ್ಕಾರಿ ವೈದ್ಯರ ಮಂಡಳಿ, ನೋಡುವುದಿಲ್ಲ. ಕಾಯಿಲೆಯಿಂದ ದೇಹದ ಅಥವಾ ಮನಸ್ಸಿನ ಯಾವ ಕೆಲಸ ಎಷ್ಟರಮಟ್ಟಿಗೆ ನಿಂತುಹೋಗಿದೆ ಎಂಬುದನ್ನು ಅಳೆಯುತ್ತದೆ. ಆ ಅಳತೆಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. 2018ರ ಜನವರಿಯಲ್ಲಿ ಬಂದದ್ದನ್ನು 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಿದ್ದಾರೆ. ನಿಮ್ಮ ಕವರಿನಲ್ಲಿರುವ ಪ್ರತಿ ಕಾಗದವೂ ಆ ಅಳತೆಗೆ ಉತ್ತರ ಕೊಡುವಂತಿರಬೇಕು. ಕೊಡದ ಕಾಗದ ಭಾರವಷ್ಟೆ.

ಅರ್ಜಿಗೂ ಮೊದಲು ನೋಡಿಕೊಳ್ಳಬೇಕಾದ ಮೂರು ಸಂಖ್ಯೆ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪಟ್ಟಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಅಂಧತ್ವ, ಮಂದದೃಷ್ಟಿ, ಶ್ರವಣದೋಷ, ಕೈಕಾಲಿನ ನ್ಯೂನತೆ, ಕುಬ್ಜತೆ, ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಥಲಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಆ್ಯಸಿಡ್ ದಾಳಿಗೆ ಒಳಗಾದವರು, ಕುಷ್ಠದಿಂದ ಗುಣವಾಗಿಯೂ ಊನ ಉಳಿದವರು ಇವೆಲ್ಲ ಅದರೊಳಗೆ ಬರುತ್ತವೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕಿಡ್ನಿ ವೈಫಲ್ಯ, ಕ್ಯಾನ್ಸರ್ ಆ ಹೆಸರಿನಲ್ಲಿ ಪಟ್ಟಿಯಲ್ಲಿಲ್ಲ. ಆದರೆ ಸಕ್ಕರೆಯಿಂದ ಕಾಲು ಕತ್ತರಿಸಿದ್ದರೆ ಅದು ಕೈಕಾಲಿನ ನ್ಯೂನತೆ, ರೆಟಿನಾ ಹಾಳಾಗಿದ್ದರೆ ಅದು ದೃಷ್ಟಿದೋಷ. ಅರ್ಜಿಯಲ್ಲಿ ‘ಡಯಾಬಿಟಿಸ್’ ಎಂದು ಬರೆದರೆ ವಾಪಸ್ ಬರುತ್ತದೆ. ಹೋದ ಕಾಲಿನ ಹೆಸರಿನಲ್ಲಿ, ಹೋದ ಕಣ್ಣಿನ ಹೆಸರಿನಲ್ಲಿ ಬರೆಯಬೇಕು.

ಮೊದಲನೆಯ ಸಂಖ್ಯೆ ಶೇಕಡಾ 40. ಅದಕ್ಕಿಂತ ಕಡಿಮೆ ಬಂದರೂ ಪ್ರಮಾಣಪತ್ರ ಸಿಗುತ್ತದೆ, ಆದರೆ ಪಿಂಚಣಿ, ಮೀಸಲಾತಿ, ಬಸ್ ಪಾಸ್‌ಗಳಿಗೆ ಅದು ನಡೆಯುವುದಿಲ್ಲ. ಎರಡನೆಯದು 75. ಕರ್ನಾಟಕದ ಮಾಸಾಶನದಲ್ಲಿ 40ರಿಂದ 74ರವರೆಗೆ ಒಂದು ಮೊತ್ತ, 75 ಮುಟ್ಟಿದರೆ ಹೆಚ್ಚಿನ ಮೊತ್ತ. ಮೂರನೆಯದು 80. ಆದಾಯ ತೆರಿಗೆಯಲ್ಲಿ ‘ತೀವ್ರ’ ಎನಿಸಿಕೊಳ್ಳುವುದು ಅಲ್ಲಿಂದ. 2024ರ ತಿದ್ದುಪಡಿ ನಿಯಮದಂತೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿನ ಬಣ್ಣವೂ ಇದನ್ನು ಹೇಳುತ್ತದೆ: 40ರೊಳಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟು ನೀಲಿ.

ನಿಮ್ಮ ಸ್ಥಿತಿ ಈ ಗೆರೆಗಳಿಂದ ಬಹಳ ಮೇಲೆ ಇದ್ದರೆ ದಾಖಲೆಯ ಚಿಂತೆ ಅಷ್ಟಿಲ್ಲ. ಮೊಣಕಾಲಿನ ಮೇಲೆ ಕಾಲು ತೆಗೆದಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಗೆರೆಯ ಆಸುಪಾಸಿನಲ್ಲಿರುವವರಿಗೆ ಒಂದೊಂದು ಕಾಗದವೂ ಲೆಕ್ಕಕ್ಕೆ ಬರುತ್ತದೆ.

ಹಳೆಯ ದಾಖಲೆ ತೆಗೆಸುವುದು

ಅರ್ಜಿ ಹಾಕಿದ ಮೇಲೆ ದಾಖಲೆ ಹುಡುಕುವುದು ತಲೆಕೆಳಗಾದ ಕ್ರಮ. ಮೊದಲು ದಾಖಲೆ, ಆಮೇಲೆ ಅರ್ಜಿ.

ಮನೆಯಲ್ಲಿರುವುದನ್ನೆಲ್ಲ ಒಮ್ಮೆ ಹರಡಿ. ಔಷಧಿ ಬಿಲ್ಲು, ಊಟದ ಪಥ್ಯದ ಚೀಟಿ ಪಕ್ಕಕ್ಕಿಡಿ. ಉಳಿಯಬೇಕಾದವು ನಾಲ್ಕು ಬಗೆ: ಡಿಸ್ಚಾರ್ಜ್ ಸಮ್ಮರಿ, ಆಪರೇಷನ್ ಟಿಪ್ಪಣಿ, ಪರೀಕ್ಷೆಗಳ ವರದಿ, ಮತ್ತು ತಾರೀಖು ಇರುವ ಓಪಿಡಿ (ಹೊರರೋಗಿ ವಿಭಾಗದ) ಚೀಟಿಗಳು. ಓಪಿಡಿ ಚೀಟಿಯನ್ನು ಕಸವೆಂದು ಬಿಸಾಡುವವರೇ ಹೆಚ್ಚು. ಕಾಯಿಲೆ ಯಾವಾಗಿನಿಂದ ಇದೆ ಎಂದು ತೋರಿಸಲು ಹಲವರ ಬಳಿ ಉಳಿದಿರುವ ಏಕೈಕ ಸಾಕ್ಷಿ ಅದೇ ಆಗಿರುತ್ತದೆ.

ಇಲ್ಲದ್ದನ್ನು ಆಸ್ಪತ್ರೆಯಿಂದ ತೆಗೆಸಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಮೆಡಿಕಲ್ ರೆಕಾರ್ಡ್ಸ್ ವಿಭಾಗ ಎಂದೇ ಇರುತ್ತದೆ. ಎಂಆರ್‌ಡಿ ಎಂದರೆ ಯಾರಾದರೂ ತೋರಿಸುತ್ತಾರೆ. ಒಂದು ಹಾಳೆಯಲ್ಲಿ ರೋಗಿಯ ಹೆಸರು, ಐಪಿ (ಒಳರೋಗಿ) ಅಥವಾ ಓಪಿ (ಹೊರರೋಗಿ) ನಂಬರು, ದಾಖಲಾದ ಮತ್ತು ಬಿಡುಗಡೆಯಾದ ತಾರೀಖು, ಬೇಕಾದ ದಾಖಲೆ ಯಾವುದು ಎಂದು ಬರೆದು ಆಧಾರ್ ಜೆರಾಕ್ಸ್ ಲಗತ್ತಿಸಿ. ‘ಎಲ್ಲಾ ದಾಖಲೆ ಕೊಡಿ’ ಎಂದು ಬರೆದರೆ ಡಿಸ್ಚಾರ್ಜ್ ಸಮ್ಮರಿಯ ಇನ್ನೊಂದು ಪ್ರತಿ ಕೊಟ್ಟು ಕಳಿಸುತ್ತಾರೆ. ‘ಕೇಸ್ ಶೀಟ್, ಆಪರೇಷನ್ ನೋಟ್ಸ್, ಫಿಸಿಯೋಥೆರಪಿ ಟಿಪ್ಪಣಿ, ಸ್ಕ್ಯಾನ್ ವರದಿ’ ಎಂದು ಬಿಡಿಬಿಡಿಯಾಗಿ ಕೇಳಿ. ಅರ್ಜಿಯ ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಇದು ಅವರು ಮಾಡುವ ಉಪಕಾರವಲ್ಲ. ವೈದ್ಯರ ವೃತ್ತಿ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯಂತೆ, ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆ 3 ವರ್ಷ ಎಂಬ ಮಾತನ್ನು ಗಮನಿಸಿ. ಅದು ದಾಟಿದ ಮೇಲೆ ‘ಹಳೆಯ ಫೈಲು ವಿಲೇವಾರಿ ಆಗಿದೆ’ ಎಂಬ ಉತ್ತರ ಬಂದರೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಸರ್ಕಾರಿ ಆಸ್ಪತ್ರೆ ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ನಿಮ್ಮದೇ ದಾಖಲೆ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವಿದೆ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಅಪಘಾತದ ಪ್ರಕರಣವಾದರೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಿದ ವೈದ್ಯಕೀಯ ಪ್ರಕರಣದ) ನಂಬರು ಹಿಡಿದು ಹೋಗಿ. ಪೊಲೀಸ್ ಠಾಣೆಗೆ ಹೋದ ಗಾಯದ ಪ್ರಮಾಣಪತ್ರದಲ್ಲೂ ಮೂಳೆ ಮುರಿದದ್ದು, ನರ ತುಂಡಾದದ್ದು ದಾಖಲಾಗಿರುತ್ತದೆ.

ಒಂದು ಸಣ್ಣ ಎಚ್ಚರಿಕೆ. ಇಸಿಜಿ, ಅಲ್ಟ್ರಾಸೌಂಡ್ ಮತ್ತು ಕೆಲವು ಕಡೆ ಕಿವಿ, ಕಣ್ಣಿನ ಯಂತ್ರಗಳು ಮುದ್ರಿಸುವ ನುಣುಪು ಕಾಗದ ಶಾಖಕ್ಕೆ ಕಪ್ಪಾಗುವ ಕಾಗದ. ಬಿಸಿಲಿಗೆ, ಪ್ಲಾಸ್ಟಿಕ್ ಕವರಿನೊಳಗೆ ಅದು ಒಂದೆರಡು ವರ್ಷದಲ್ಲಿ ಮಾಸಿಹೋಗುತ್ತದೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರೆ ಬಿಸಿ ರೋಲರಿನಡಿ ಪೂರ್ತಿ ಕಪ್ಪಾಗಿ ಹೊರಬರುತ್ತದೆ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ನಿಮ್ಮ ವೈದ್ಯರಿಂದ ಏನು ಬರೆಸಬೇಕು

‘ಇವರಿಗೆ ಪಾರ್ಶ್ವವಾಯು ಇದ್ದು, ಕೆಲಸ ಮಾಡಲು ಅಶಕ್ತರಾಗಿರುತ್ತಾರೆ. ಅಂಗವಿಕಲ ವೇತನಕ್ಕೆ ಶಿಫಾರಸು ಮಾಡಲಾಗಿದೆ.’ ಊರಿನ ಕ್ಲಿನಿಕ್ಕುಗಳಲ್ಲಿ ಸಿಗುವ ಪತ್ರ ಸಾಮಾನ್ಯವಾಗಿ ಇಷ್ಟೆ. ಬೋರ್ಡಿಗೆ ಇದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಶಿಫಾರಸು ಯಾರೂ ಕೇಳಿರುವುದಿಲ್ಲ, ಪರ್ಸೆಂಟೇಜ್ ಹಾಕುವ ಅಧಿಕಾರವೂ ಖಾಸಗಿ ವೈದ್ಯರಿಗೆ ಇಲ್ಲ.

ಬೇಕಾದದ್ದು ಹೀಗಿರುವ ಪತ್ರ: ‘2022ರ ಆಗಸ್ಟ್‌ನಲ್ಲಿ ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿ ಎಡಭಾಗದ ಪಾರ್ಶ್ವವಾಯು. ಎಂಆರ್‌ಐ ವರದಿ ಲಗತ್ತಿಸಿದೆ. ಒಂದೂವರೆ ವರ್ಷ ಫಿಸಿಯೋಥೆರಪಿ ಆಗಿದೆ, ಕಳೆದ ಎಂಟು ತಿಂಗಳಿಂದ ಬದಲಾವಣೆ ಇಲ್ಲ. ಎಡಗೈ ಸ್ನಾಯು ಬಲ 5ರಲ್ಲಿ 2, ಎಡಗಾಲು 5ರಲ್ಲಿ 3. ಎಡಗೈಯಿಂದ ಲೋಟ ಹಿಡಿಯಲು, ಗುಂಡಿ ಹಾಕಲು ಆಗುವುದಿಲ್ಲ. ಕೋಲಿನ ಆಸರೆಯಿಲ್ಲದೆ ನಡೆಯಲಾಗದು.’ ಇದರಲ್ಲಿ ಐದು ವಿಷಯಗಳಿವೆ: ರೋಗನಿರ್ಣಯ ಮತ್ತು ಅದರ ಆಧಾರ, ಶುರುವಾದ ತಾರೀಖು, ಆದ ಚಿಕಿತ್ಸೆ, ಈಗ ಸ್ಥಿರವಾಗಿದೆ ಎಂಬ ಮಾತು, ಮತ್ತು ಅಳತೆ. ಕೊನೆಗೆ ವೈದ್ಯರ ಸಹಿ, ಸೀಲು, ನೋಂದಣಿ ಸಂಖ್ಯೆ.

ಐದರಲ್ಲಿ ಹೆಚ್ಚು ಜನ ಬಿಡುವುದು ‘ಸ್ಥಿರವಾಗಿದೆ’ ಎಂಬುದನ್ನು. ಚಿಕಿತ್ಸೆ ಇನ್ನೂ ನಡೆಯುತ್ತಿದೆ, ಸುಧಾರಿಸಬಹುದು ಎಂದು ಅನಿಸಿದರೆ ಬೋರ್ಡು ಒಂದೋ ಮುಂದೂಡುತ್ತದೆ, ಇಲ್ಲವೇ ವರ್ಷದ ಮಟ್ಟಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತದೆ. ಕಾಲಿಗೆ ರಾಡ್ ಹಾಕಿ ಮೂರು ತಿಂಗಳಾಗಿದೆ ಎಂದು ಹೋದವರನ್ನು ವಾಪಸ್ ಕಳಿಸುವುದು ಇದೇ ಕಾರಣಕ್ಕೆ.

ಬರೆಸಿಕೊಳ್ಳುವ ಮುನ್ನ ಮೇಲಿನ ಐದು ತಲೆಬರಹಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಿ. ‘ಡಾಕ್ಟ್ರೇ, ಇದಿಷ್ಟು ಬಂದ್ರೆ ಬೋರ್ಡಿನಲ್ಲಿ ಅನುಕೂಲ ಆಗುತ್ತಂತೆ’ ಎಂದರೆ ಬೇಸರ ಮಾಡಿಕೊಳ್ಳುವವರು ಕಡಿಮೆ. ಬೆಳಗಿನ ಓಪಿಡಿ ನೂಕುನುಗ್ಗಲಿನಲ್ಲಿ ಕೇಳಬೇಡಿ, ಮಧ್ಯಾಹ್ನದ ಮೇಲೆ ಹೋಗಿ.

ಯಾವ ತೊಂದರೆಗೆ ಯಾವ ಅಳತೆ

ಕಣ್ಣು. ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಎಂಬುದೇ ಲೆಕ್ಕ. ಕನ್ನಡಕವಿಲ್ಲದೆ 3/60 ಇದ್ದು, ಹಾಕಿದರೆ 6/9 ಬಂದರೆ ಅದು ವೈಕಲ್ಯವಲ್ಲ. ಆದ್ದರಿಂದ ಇತ್ತೀಚಿನ ರಿಫ್ರ್ಯಾಕ್ಷನ್ (ಕನ್ನಡಕದ ನಂಬರಿನ) ಚೀಟಿ ಮತ್ತು ಕನ್ನಡಕ ಎರಡೂ ಜೊತೆಗಿರಲಿ. ಕ್ಯಾಟರಾಕ್ಟ್ ಇದ್ದರೆ ಮೊದಲು ಆಪರೇಷನ್ ಮಾಡಿಸಿ ಬನ್ನಿ ಎನ್ನುತ್ತಾರೆ. ಇರುಳುಗಣ್ಣಿನ ರೆಟಿನಾ ಕಾಯಿಲೆ, ಗ್ಲಾಕೋಮಾ ಇರುವವರಿಗೆ ನೇರ ನೋಟದ ಅಕ್ಷರ ಚೆನ್ನಾಗಿಯೇ ಕಾಣಬಹುದು, ಸುತ್ತಲಿನದು ಕಾಣದೆ ಎಡವುತ್ತಿರುತ್ತಾರೆ. ಅಂಥವರು ಪೆರಿಮೆಟ್ರಿ, ಅಂದರೆ ಫೀಲ್ಡ್ ಟೆಸ್ಟ್ ಮಾಡಿಸದೆ ಹೋದರೆ ಅವರ ತೊಂದರೆ ಕಾಗದದ ಮೇಲೆ ಬರುವುದೇ ಇಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ ಎಂದು ಕಾಯ್ದೆಯೇ ಹೇಳುತ್ತದೆ. ಇನ್ನು, ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ ಶೇಕಡಾ 30. ಇದು ಬಹಳ ಜನರಿಗೆ ಅನ್ಯಾಯವೆನಿಸುತ್ತದೆ, ಆದರೆ ಕೋಷ್ಟಕ ಇರುವುದು ಹಾಗೆ. ವೈದ್ಯರೊಡನೆ ಜಗಳವಾಡಿ ಫಲವಿಲ್ಲ.

ಕಿವಿ. ಪ್ಯೂರ್ ಟೋನ್ ಆಡಿಯೋಮೆಟ್ರಿ, ಅಂದರೆ ಶಬ್ದ ಕೇಳಿಸಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ ಬೇಕೇ ಬೇಕು (ಅದರ ವರದಿಯೇ ಆಡಿಯೋಗ್ರಾಮ್), ಶ್ರವಣ ಯಂತ್ರವಿಲ್ಲದೆ ಮಾಡಿದ್ದು. 500, 1000, 2000, 4000 ಹರ್ಟ್ಜ್‌ಗಳ ಸರಾಸರಿಯನ್ನು ಪ್ರತಿ ಕಿವಿಗೆ ಬೇರೆ ಬೇರೆ ತೆಗೆದು ಶೇಕಡಾವಾರಿಗೆ ಇಳಿಸುತ್ತಾರೆ. ಆಮೇಲಿನ ಸೂತ್ರ ಹೀಗೆ: ಚೆನ್ನಾಗಿರುವ ಕಿವಿಯ ಶೇಕಡಾವಾರು ಗುಣಿಸು 5, ಅದಕ್ಕೆ ಕೆಟ್ಟ ಕಿವಿಯದ್ದು ಸೇರಿಸಿ, 6ರಿಂದ ಭಾಗಿಸಬೇಕು. ಒಂದು ಕಿವಿ ನೂರಕ್ಕೆ ನೂರು ಹೋಗಿ ಇನ್ನೊಂದು ಸರಿ ಇದ್ದರೆ 100 ಭಾಗಿಸು 6, ಸುಮಾರು 17. ಒಂದೇ ಕಿವಿಯ ಕಿವುಡಿಗೆ 40 ಬರುವ ದಾರಿಯೇ ಇಲ್ಲ. ಪರೀಕ್ಷೆಗೆ ಮುನ್ನ ಕಿವಿಯ ಗುಗ್ಗೆ ತೆಗೆಸಿ, ಸೋರುತ್ತಿದ್ದರೆ ಚಿಕಿತ್ಸೆ ಮಾಡಿಸಿ, ಇಲ್ಲದಿದ್ದರೆ ಆ ಆಡಿಯೋಗ್ರಾಮನ್ನು ಒಪ್ಪುವುದಿಲ್ಲ. ಬೇಕೆಂದೇ ಬಟನ್ ಒತ್ತದೆ ಕೂತರೆ ಆಡಿಯಾಲಜಿಸ್ಟ್‌ಗೆ ತಿಳಿದುಹೋಗುತ್ತದೆ. ಮೊದಲ ಸಲದ ಗೆರೆ ಎರಡನೇ ಸಲಕ್ಕೆ ಹೊಂದುವುದಿಲ್ಲ. ಆಗ ಬೆರಾ ಪರೀಕ್ಷೆಗೆ ಬರೆಯುತ್ತಾರೆ, ಅದರಲ್ಲಿ ನಿಮ್ಮ ಉತ್ತರವೇ ಬೇಕಿಲ್ಲ, ಯಂತ್ರ ನರದ ಸ್ಪಂದನವನ್ನೇ ಓದುತ್ತದೆ. ಮಾತು ಬಾರದ ಮಕ್ಕಳಿಗೆ ಮೊದಲಿಂದಲೂ ಬೆರಾವೇ ದಾರಿ. ತಾಲ್ಲೂಕಿನಲ್ಲಿ ಯಂತ್ರವಿಲ್ಲದಿದ್ದರೆ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವುದು ದೂರವಾದರೂ ಲೇಸು.

ಕೈಕಾಲು. ಎಕ್ಸ್‌ರೇ, ಎಂಆರ್‌ಐ ರೋಗ ಇದೆ ಎಂದು ತೋರಿಸುತ್ತವೆ, ಅಂಕ ಬರುವುದು ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಸ್ನಾಯುವಿನ ಬಲ 0ರಿಂದ 5ರಲ್ಲಿ ಎಷ್ಟು, ಕಾಲು ಎಷ್ಟು ಗಿಡ್ಡವಾಗಿದೆ ಎಂಬುದರಿಂದ. ಹೀಗಾಗಿ ಹೊಸ ಸ್ಕ್ಯಾನಿಗೆ ಸಾವಿರಾರು ಸುರಿಯುವ ಬದಲು ಫಿಸಿಯೋಥೆರಪಿಸ್ಟ್ ಹತ್ತಿರ ಕೀಲಿನ ಚಲನೆ ಅಳೆಸಿ ಬರೆಸಿಕೊಳ್ಳಿ. ಸೊಂಟ ನೋವಿನವರು ಹೆಚ್ಚು ನಿರಾಶರಾಗುವುದು ಇಲ್ಲಿ. ಎಂಆರ್‌ಐನಲ್ಲಿ ಡಿಸ್ಕ್ ಜಾರಿರುವುದು ಕಂಡರೂ, ಕಾಲಿನ ಬಲ ಸರಿ ಇದ್ದರೆ ಅಂಕ ಏರುವುದಿಲ್ಲ. ನೋವಿಗೆ ಅಳತೆಗೋಲಿಲ್ಲ. ಕಾಲು ಜೋಮು ಹಿಡಿಯುವುದು, ಪಾದ ಎತ್ತಲಾಗದಿರುವುದು, ಮೂತ್ರದ ಹತೋಟಿ ತಪ್ಪಿರುವುದು ಇದ್ದರೆ ನರವಾಹಕ (ನರ್ವ್ ಕಂಡಕ್ಷನ್) ಪರೀಕ್ಷೆಯ ವರದಿ ಸಮೇತ ಹೋಗಿ.

ಪಾರ್ಕಿನ್ಸನ್ಸ್ ಇರುವವರಿಗೆ ಮಾತ್ರೆ ನುಂಗಿದ ಒಂದೆರಡು ಗಂಟೆ ಕೈಕಾಲು ಆಡುತ್ತದೆ, ಆಮೇಲೆ ಮತ್ತೆ ಬಿಗಿಯುತ್ತದೆ. ಬೋರ್ಡಿಗೆ ಕಾಣುವುದು ಆ ಹೊತ್ತಿನ ಸ್ಥಿತಿ ಮಾತ್ರ. ದಿನದಲ್ಲಿ ಎಷ್ಟು ಗಂಟೆ ಬಿಗಿತವಿರುತ್ತದೆ ಎಂದು ನ್ಯೂರಾಲಜಿಸ್ಟ್ ಪತ್ರದಲ್ಲಿ ಇರಲೇಬೇಕು. ಮಾತ್ರೆ ಬಿಟ್ಟು ಹೋಗುವ ಸಾಹಸ ಮಾತ್ರ ಬೇಡ.

ರಕ್ತದ ಕಾಯಿಲೆಗಳಲ್ಲಿ ವಿಷಯ ಸರಳ. ಸಿಕಲ್ ಸೆಲ್, ಥಲಸೀಮಿಯಾಕ್ಕೆ ಹಿಮೋಗ್ಲೋಬಿನ್ ಬಗೆ ಗುರುತಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ವರದಿ ಬೇಕು. ಶಿಬಿರಗಳಲ್ಲಿ ಮಾಡುವ ಸಾಲ್ಯುಬಿಲಿಟಿ ಟೆಸ್ಟ್ ಬರೀ ಸೋಸುವ ಪರೀಕ್ಷೆ, ಅದು ಸಾಲದು. ರಕ್ತ ಹಾಕಿಸಿದ ಪುಸ್ತಕ, ಆಸ್ಪತ್ರೆಗೆ ದಾಖಲಾದ ತಾರೀಖುಗಳು ಜೊತೆಗಿರಲಿ. ಹಿಮೋಫಿಲಿಯಾಕ್ಕೆ ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಮಟ್ಟದ ವರದಿ ಬೇಕು. ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ತೀವ್ರ.

ಮನಸ್ಸಿನ ಕಾಯಿಲೆ: ಹಳೆಯ ಚೀಟಿಗೆ ಅಂಕವಿದೆ

ದಾಖಲೆ ಇಲ್ಲದೆ ಹೆಚ್ಚು ಜನ ಸೋಲುವುದು ಈ ವಿಭಾಗದಲ್ಲಿ, ಆದ್ದರಿಂದ ಸ್ವಲ್ಪ ವಿವರವಾಗಿ.

ಇಲ್ಲಿ ಬಳಸುವ ಅಳತೆಯ ಹೆಸರು ಐಡಿಯಾಸ್. ನಾಲ್ಕು ವಿಷಯಗಳಿಗೆ ತಲಾ 0ರಿಂದ 4 ಅಂಕ: ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಇದಕ್ಕೆ ಐದನೆಯದಾಗಿ ಕಾಯಿಲೆಯ ಅವಧಿ ಸೇರುತ್ತದೆ: 2 ವರ್ಷದೊಳಗೆ 1 ಅಂಕ, 2ರಿಂದ 5 ವರ್ಷಕ್ಕೆ 2, 6ರಿಂದ 10 ವರ್ಷಕ್ಕೆ 3, ಹತ್ತು ವರ್ಷ ದಾಟಿದರೆ 4. ಒಟ್ಟು 20ರಲ್ಲಿ 7 ಬಂದರೆ ಶೇಕಡಾ 40ರ ಗೆರೆ ದಾಟಿದಂತೆ. 14ರಿಂದ ಮೇಲೆ ಶೇಕಡಾ 71 ಮತ್ತು ಹೆಚ್ಚು.

ಒಂದು ಉದಾಹರಣೆ ನೋಡಿ. ಸ್ಕಿಜೋಫ್ರೇನಿಯಾ ಇರುವ ಒಬ್ಬರಿಗೆ ಆರೈಕೆಯಲ್ಲಿ 1, ಒಡನಾಟದಲ್ಲಿ 1, ಮಾತಿನಲ್ಲಿ 1, ಕೆಲಸದಲ್ಲಿ 2 ಬಂತು. ಒಟ್ಟು 5. ಕೈಯಲ್ಲಿರುವುದು ಕಳೆದ ವರ್ಷದ ಚೀಟಿ ಮಾತ್ರ ಆದರೆ ಅವಧಿಗೆ 1 ಸೇರಿ 6 ಆಗುತ್ತದೆ, 40 ಇಲ್ಲ, ಪಿಂಚಣಿ ಇಲ್ಲ. ಮೂರು ವರ್ಷದ ಹಿಂದಿನ ಒಂದು ಓಪಿಡಿ ಚೀಟಿ ಸಿಕ್ಕಿದರೆ 2 ಸೇರಿ 7. ಮನುಷ್ಯ ಅವನೇ, ಕಾಯಿಲೆ ಅದೇ. ವ್ಯತ್ಯಾಸ ಒಂದು ಚೀಟಿಯದ್ದು. ಮೊದಲು ತೋರಿಸಿದ ಆಸ್ಪತ್ರೆ ಯಾವುದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ತಾಲ್ಲೂಕಿಗೆ ಬಂದಾಗ ಹೆಸರು ಬರೆಸಿದ್ದೀರಾ, ನಿಮ್ಹಾನ್ಸ್‌ನಲ್ಲೋ ಧಾರವಾಡದ ಡಿಮ್ಹಾನ್ಸ್‌ನಲ್ಲೋ ಹಳೆಯ ನೋಂದಣಿ ಸಂಖ್ಯೆ ಇದೆಯಾ ಎಂದು ಬೆನ್ನು ಹತ್ತಬೇಕಾದ್ದು ಇದಕ್ಕೇ.

ಜೊತೆಗೆ ಹೋಗುವವರು ಯಾರು ಎಂಬುದೂ ಮುಖ್ಯ. ವೈದ್ಯರು ಮನೆಯವರನ್ನು ಪ್ರಶ್ನೆ ಕೇಳುತ್ತಾರೆ. ಊರಲ್ಲಿ ಓಡಾಟ ಬಲ್ಲ ಮಾವನನ್ನೋ ಪಂಚಾಯಿತಿ ಸದಸ್ಯರನ್ನೋ ಕಳಿಸಿದರೆ ಅವರಿಗೆ ಉತ್ತರ ಗೊತ್ತಿರುವುದಿಲ್ಲ. ದಿನಾ ಜೊತೆಗಿರುವ ತಾಯಿ, ಹೆಂಡತಿ, ಅಕ್ಕ ಹೋಗಬೇಕು. ‘ಸ್ನಾನ ಮಾಡ್ತಾನಾ?’ ಎಂದು ಕೇಳಿದರೆ ಸಂಕೋಚಕ್ಕೆ ‘ಹೂಂ ಮಾಡ್ತಾನೆ ಸಾರ್’ ಎಂದುಬಿಡುತ್ತಾರೆ. ವಾರಕ್ಕೊಮ್ಮೆ ನಾಲ್ಕು ಸಲ ಗದರಿಸಿ, ನೀರು ತೋಡಿಟ್ಟು, ಕೈಹಿಡಿದು ಕರೆದೊಯ್ದ ಮೇಲೆ ಮಾಡುವುದು ಎಂಬ ಮಾತು ಬಾಯಿಗೆ ಬರುವುದಿಲ್ಲ. ಆ ಒಂದು ‘ಹೂಂ’ ಒಂದೆರಡು ಅಂಕ ಕಳೆಯುತ್ತದೆ. ಹಿಂದಿನ ದಿನವೇ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಊಟ, ಸ್ನಾನ, ಬಟ್ಟೆ, ಮಾತ್ರೆ ತಾನಾಗಿ ಮಾಡುವನೇ, ಹೇಳಿಸಿಕೊಂಡು ಮಾಡುವನೇ? ಅಂಗಡಿಯಿಂದ ಚಿಲ್ಲರೆ ಸರಿಯಾಗಿ ತರುವನೇ? ಕೊನೆಯ ಸಲ ಕೂಲಿಗೆ ಹೋದದ್ದು ಯಾವಾಗ, ಎಷ್ಟು ದಿನ ನಿಂತ? ಗೃಹಿಣಿಯಾದರೆ ಮನೆಗೆಲಸವೇ ‘ಕೆಲಸ’, ವಿದ್ಯಾರ್ಥಿಯಾದರೆ ಓದು. ಇದ್ದದ್ದನ್ನು ಹೆಚ್ಚಿಸುವುದೂ ಬೇಡ, ಮುಚ್ಚುವುದೂ ಬೇಡ.

ಬುದ್ಧಿಮಾಂದ್ಯದ ಮಕ್ಕಳಿಗೆ ಐಕ್ಯೂ ಪರೀಕ್ಷೆಯ ಜೊತೆ ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪನ ಮಾಡುತ್ತಾರೆ, ಅಲ್ಲಿಯೂ ಇದೇ ಮಾತು: ದಿನಾ ನೋಡಿಕೊಳ್ಳುವವರೇ ಉತ್ತರಿಸಬೇಕು. ವಿಶೇಷ ಶಾಲೆ ಅಥವಾ ಅಂಗನವಾಡಿ ಟೀಚರ್ ಬರೆದ ಟಿಪ್ಪಣಿ ಇದ್ದರೆ ಒಳ್ಳೆಯದು. ಮಗುವಿಗೆ ನೆಗಡಿ, ಜ್ವರ ಇದ್ದ ದಿನ ಪರೀಕ್ಷೆ ಮಾಡಿಸಬೇಡಿ. ಆಟಿಸಂಗೆ ಐಎಸ್‌ಎಎ ಎಂಬ ಬೇರೆ ಮಾಪನವಿದೆ. ಕಲಿಕಾ ನ್ಯೂನತೆಗೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ ಬಳಸುತ್ತಾರೆ.

ಎರಡು ತೊಂದರೆ ಇದ್ದರೆ ಎರಡನ್ನೂ ಹೇಳಿ

ಒಂದು ಕಣ್ಣು ಹೋದವರಿಗೆ 30 ಎಂದೆವಲ್ಲ, ಅದೇ ವ್ಯಕ್ತಿಗೆ ಹಳೆಯ ಪೋಲಿಯೋದಿಂದ ಕಾಲಿನಲ್ಲಿ 15 ಇದೆ ಎನ್ನಿ. ಬೋರ್ಡು ಇವೆರಡನ್ನು ಕೂಡಿಸಿ 45 ಎನ್ನುವುದಿಲ್ಲ. ಸೂತ್ರವಿದೆ: ದೊಡ್ಡದು, ಅದಕ್ಕೆ ಚಿಕ್ಕದನ್ನು 90ರಿಂದ ದೊಡ್ಡದನ್ನು ಕಳೆದ ಉಳಿಕೆಯಿಂದ ಗುಣಿಸಿ 90ರಿಂದ ಭಾಗಿಸಿದ್ದು ಸೇರಿಸಬೇಕು. ಇಲ್ಲಿ 15 ಗುಣಿಸು 60, ಭಾಗಿಸು 90, ಅಂದರೆ 10. ಒಟ್ಟು 40. ಕಣ್ಣಿಗಷ್ಟೇ ಅರ್ಜಿ ಹಾಕಿದ್ದರೆ ಅವರು 30ಕ್ಕೆ ನಿಲ್ಲುತ್ತಿದ್ದರು. ಅರ್ಜಿಯಲ್ಲಿ ಎಲ್ಲಾ ವೈಕಲ್ಯಗಳನ್ನೂ ಗುರುತು ಮಾಡಿ, ಪ್ರತಿಯೊಂದಕ್ಕೂ ಬೇರೆ ಬೇರೆ ದಾಖಲೆ ಇಡಿ.

ಅರ್ಜಿ ಮತ್ತು ಪರೀಕ್ಷೆಯ ದಿನ

2021ರ ಜೂನ್ 1ರಿಂದ ಪ್ರಮಾಣಪತ್ರ ಸಿಗುವುದು ಯುಡಿಐಡಿಯ ಸ್ವಾವಲಂಬನ್ ಪೋರ್ಟಲ್ ಮೂಲಕ ಮಾತ್ರ. ಕೈಬರಹದ ಹಳೆಯ ಪ್ರಮಾಣಪತ್ರ ಇದ್ದವರೂ ಅದನ್ನು ಅಲ್ಲಿಗೆ ಏರಿಸಬೇಕು. ಸರ್ಕಾರಿ ಶುಲ್ಕವಿಲ್ಲ, ಸೈಬರ್ ಸೆಂಟರಿನವರು ತಮ್ಮ ಕೆಲಸಕ್ಕೆ ತೆಗೆದುಕೊಳ್ಳುವುದು ಬೇರೆ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇರಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಮಂಜಪ್ಪ’, ಆಧಾರ್‌ನಲ್ಲಿ ‘ಮಂಜುನಾಥ’ ಎಂದಿದ್ದರೆ ಅವೆರಡೂ ಒಬ್ಬರೇ ಎಂದು ಆಸ್ಪತ್ರೆಯಿಂದಲೇ ತಿದ್ದಿಸಿಕೊಳ್ಳಿ. ಫೋಟೋ ಆರು ತಿಂಗಳೊಳಗಿನದು. ನೋಂದಣಿ ಸಂಖ್ಯೆಯ ಸ್ವೀಕೃತಿ ಪ್ರಿಂಟ್ ತೆಗೆದಿಡಿ. ಕಂಪ್ಯೂಟರ್ ಬಾರದಿದ್ದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಸಹಾಯ ಮಾಡುತ್ತಾರೆ, ಅದು ಅವರ ಕೆಲಸವೇ. ಶಿಬಿರ ಯಾವಾಗ, ಯಾವ ತಜ್ಞರು ಯಾವ ವಾರ ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆಯನ್ನಾಗಲಿ, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನಾಗಲಿ ಆರಿಸಬಹುದು. ನಿಮ್ಮ ಕೇಸ್ ಶೀಟ್ ಇರುವ ಎರಡನೆಯದೇ ವಾಸಿ. ಗೋವಾದಲ್ಲೋ ಮುಂಬೈಯಲ್ಲೋ ದುಡಿಯುತ್ತಾ ಅಲ್ಲಿ ಪ್ರಮಾಣಪತ್ರ ಪಡೆದವರಿಗೂ ಅದು ದೇಶವಿಡೀ ನಡೆಯುತ್ತದೆ. ಕರ್ನಾಟಕದ ಪಿಂಚಣಿಗೆ ಮಾತ್ರ ಇಲ್ಲಿನ ವಾಸ ತೋರಿಸಬೇಕು.

ಆಸ್ಪತ್ರೆಗೆ ಹೋಗುವಾಗ ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ, ಮೇಲೆ ಒಂದು ಪುಟದ ಸಾರಾಂಶ ಇಡಿ: ಯಾವ ವರ್ಷ ಏನಾಯಿತು, ಎಲ್ಲಿ ಚಿಕಿತ್ಸೆ, ಈಗ ಏನು ಆಗುವುದಿಲ್ಲ. ಮೂಲ ಪ್ರತಿ ತೋರಿಸಲು, ಜೆರಾಕ್ಸ್ ಕೊಡಲು. ಮೂಲವನ್ನು ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಕಾಲಿನ ತೊಂದರೆಯವರು ಸುಲಭವಾಗಿ ಮೇಲೆತ್ತಬಹುದಾದ ಸಡಿಲ ಬಟ್ಟೆ ಹಾಕಿ. ಕೃತಕ ಕಾಲು, ಕ್ಯಾಲಿಪರ್, ಶ್ರವಣ ಯಂತ್ರ ತೊಟ್ಟೇ ಹೋಗಿ, ಬೇಕಾದಾಗ ಅವರೇ ತೆಗೆಸುತ್ತಾರೆ. ನಡೆಯಬಲ್ಲವರು ಆ ದಿನಕ್ಕೆಂದು ವೀಲ್‌ಚೇರ್ ಬಾಡಿಗೆ ತಂದರೆ ಪಾದದ ಗಟ್ಟಿ ಚರ್ಮವೇ ಬಾಯಿಬಿಡುತ್ತದೆ.

‘ಇಷ್ಟು ಕೊಟ್ಟರೆ 75 ಮಾಡಿಸಿಕೊಡುತ್ತೇನೆ’ ಎನ್ನುವವರು ಆಸ್ಪತ್ರೆ ಗೇಟಿನಲ್ಲಿ ಸಿಗುತ್ತಾರೆ. ಸುಳ್ಳು ದಾರಿಯಲ್ಲಿ ಸೌಲಭ್ಯ ಪಡೆದರೆ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಅದು ಬೀಳುವುದು ನಿಮ್ಮ ಮೇಲೆ, ಗೇಟಿನವನ ಮೇಲಲ್ಲ.

ಕಡಿಮೆ ಬಂದರೆ, ಅಥವಾ ಬಾರದೇ ಇದ್ದರೆ

ಪ್ರಮಾಣಪತ್ರ ಕೊಡಲು 2017ರ ನಿಯಮದಲ್ಲಿ ಒಂದು ತಿಂಗಳಿದ್ದ ಗಡುವನ್ನು 2024ರ ತಿದ್ದುಪಡಿಯಲ್ಲಿ ಮೂರು ತಿಂಗಳಿಗೆ ಏರಿಸಿದ್ದಾರೆ. ಅದೂ ದಾಟಿದರೆ ಸ್ವೀಕೃತಿ ಸಂಖ್ಯೆ ಹಿಡಿದು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಬರೆದುಕೊಡಿ, ಪ್ರತಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಇರಲಿ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು, ಬಾಯಿಮಾತಿಗೆ ಒಪ್ಪಿ ಬರಬೇಡಿ. ಕಾರಣದಲ್ಲೇ ಮುಂದಿನ ದಾರಿ ಇರುತ್ತದೆ. ‘ಸ್ಥಿರವಾಗಿಲ್ಲ’ ಎಂದಿದ್ದರೆ ಕಾಯಬೇಕು, ‘ದಾಖಲೆ ಸಾಲದು’ ಎಂದಿದ್ದರೆ ಆ ಪರೀಕ್ಷೆ ಮಾಡಿಸಬೇಕು, ಅಳತೆಯೇ ತಪ್ಪಾಗಿದೆ ಎನಿಸಿದರೆ 59ನೇ ಸೆಕ್ಷನ್‌ನಡಿ ಮೇಲ್ಮನವಿ. ಮೇಲ್ಮನವಿಗೆ ಕಾಲಮಿತಿ ಉಂಟು, ಆದ್ದರಿಂದ ತಿರಸ್ಕಾರದ ಕಾಗದ ಸಿಕ್ಕ ವಾರವೇ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ‘ನನಗೆ ಕಷ್ಟವಿದೆ’ ಎಂದು ನಾಲ್ಕು ಪುಟ ಬರೆಯುವುದಕ್ಕಿಂತ, ಇನ್ನೊಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿದ ಅದೇ ಪರೀಕ್ಷೆಯ ಬೇರೆ ಫಲಿತಾಂಶ ಲಗತ್ತಿಸಿದ ಅರ್ಧ ಪುಟ ಹೆಚ್ಚು ಕೆಲಸ ಮಾಡುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ

ಅಲ್ಲಿಯೇ ಓದಿ: ಹೆಸರು, ವೈಕಲ್ಯದ ಬಗೆ, ಶೇಕಡಾವಾರು, ಶಾಶ್ವತವೋ ತಾತ್ಕಾಲಿಕವೋ. ಪಿಂಚಣಿಗೆ ನಾಡಕಚೇರಿಯಲ್ಲಿ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯದ ದಾಖಲೆ, ಆಧಾರ್ ಜೋಡಣೆಯಾದ ಬ್ಯಾಂಕ್ ಅಥವಾ ಅಂಚೆ ಖಾತೆ ಕೇಳುತ್ತಾರೆ. ಗ್ರಾಮ ಆಡಳಿತಾಧಿಕಾರಿ ವಿಚಾರಣೆಗೆ ಬಂದುಹೋದ ಮೇಲೆ ತಹಶೀಲ್ದಾರರ ಮಂಜೂರಾತಿ. ಎಲ್ಲ ಸೌಲಭ್ಯಕ್ಕೂ ಈ ಒಂದೇ ಕಾಗದ ಸಾಕಾಗುವುದಿಲ್ಲ. ರೈಲ್ವೆ ರಿಯಾಯಿತಿಗೆ ಅವರದೇ ನಮೂನೆಯಲ್ಲಿ ಸರ್ಕಾರಿ ವೈದ್ಯರ ಸಹಿ ಬೇಕು, ಆಟಿಸಂ, ಸೆರೆಬ್ರಲ್ ಪಾಲ್ಸಿಗೆ ಆದಾಯ ತೆರಿಗೆ ವಿನಾಯಿತಿ ಕೇಳುವುದಾದರೆ ಬೇರೆಯೇ ನಮೂನೆ. ಬೋರ್ಡಿಗೆ ಹೋದ ದಿನವೇ ಆ ನಮೂನೆಗಳನ್ನು ಪ್ರಿಂಟ್ ತೆಗೆದುಕೊಂಡು ಹೋದರೆ ಇನ್ನೊಂದು ಓಡಾಟ ಉಳಿಯುತ್ತದೆ.

ತಾತ್ಕಾಲಿಕ ಎಂದಿದ್ದರೆ ಅವಧಿ ಮುಗಿದ ತಿಂಗಳಿಂದ ಪಿಂಚಣಿ ನಿಲ್ಲಬಹುದು. ಮೂರು ತಿಂಗಳ ಗಡುವಿನ ಲೆಕ್ಕ ಹಿಡಿದರೆ ನವೀಕರಣದ ಅರ್ಜಿ ಅವಧಿಗೆ ನಾಲ್ಕು ತಿಂಗಳ ಮೊದಲೇ ಹೋಗಬೇಕು. ಬುದ್ಧಿಮಾಂದ್ಯದ ಮಕ್ಕಳಿಗೆ 5, 10 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಇರುತ್ತದೆ. ನವೀಕರಣಕ್ಕೆ ಹೋದಾಗ ಹಳೆಯ ಪ್ರಮಾಣಪತ್ರವೊಂದನ್ನೇ ತೋರಿಸಿದರೆ ನಡೆಯುವುದಿಲ್ಲ, ನಡುವಿನ ಅವಧಿಯ ಚಿಕಿತ್ಸೆಯ ಚೀಟಿ ಕೇಳುತ್ತಾರೆ. ಬದಲಾವಣೆ ಇಲ್ಲವೆಂದು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟವರ ಶೇಕಡಾವಾರು ಇಳಿಯುವುದು ಇಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಸರ್ಕಾರಿ ಓಪಿಡಿಯಲ್ಲಿ ತೋರಿಸಿ, ‘ಸ್ಥಿತಿ ಹಾಗೆಯೇ ಇದೆ’ ಎಂದು ಚೀಟಿಯಲ್ಲಿ ಬರೆಸಿ, ತಾರೀಖು ಮತ್ತು ಸೀಲು ಇದೆಯೇ ಎಂದು ನೋಡಿ ಫೈಲಿಗೆ ಹಾಕಿಕೊಳ್ಳಿ.